ಎಂಟ್ರೊಪಿ ಏರುತ್ತದೋ, ಇದ್ದಲ್ಲೇ ಇರುತ್ತದೋ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಮನೆಯಲ್ಲಿ ಮಂಡಕ್ಕಿ ಭಟ್ಟಿ ಇದೆ. ಎಂಟ್ರೊಪಿ ಯಾವಾಗಲೂ ಏರುತ್ತದೆ ಎಂದು ಪಿಯುಸಿಯಲ್ಲಿ ಓದಿದ್ದೆ. ಈಗ ನಮ್ಮ ಮೇಡಂ ಚಳ್ಳಕೆರೆ ಹತ್ತಿರದ ಕುದಾಪುರದ ಐಐಎಸ್‌ಸಿ ಕ್ಯಾಂಪಸ್ಸಿಗೆ ತರಬೇತಿಗೆ ಹೋಗಿ ಬಂದು, ಕ್ವಾಂಟಮ್ ಮೆಕ್ಯಾನಿಕ್ಸ್ ಪ್ರಕಾರ ಹೊರಗಿನ ಸಂಪರ್ಕ ಇಲ್ಲದ ವ್ಯವಸ್ಥೆಯ ಎಂಟ್ರೊಪಿ ಬದಲಾಗುವುದೇ ಇಲ್ಲ ಅಂದರು. ಎರಡೂ ಹೇಗೆ ನಿಜ? ಲ್ಯಾಬಿನಲ್ಲಿ ತಣ್ಣಗಿರುವುದರಿಂದ ಬಿಸಿಯಾಗಿರುವುದಕ್ಕೆ ಶಾಖ ಹರಿಸಿದ್ದಾರೆ ಎಂದೂ ಓದಿದೆ. ಥರ್ಮೋಡೈನಮಿಕ್ಸ್‌ನ ಎರಡನೇ ನಿಯಮ ಮುರಿದುಬಿತ್ತಾ? ಇನ್ನೊಂದು ವಿಷಯ. ಒಬ್ಬರು ‘ಕ್ವಾಂಟಮ್’ ಪೆಟ್ಟಿಗೆ ಮಾರಲು ಬಂದಿದ್ದಾರೆ. ಒಲೆ ಪಕ್ಕ ಇಟ್ಟರೆ ನಾವು ಉರಿಸುವ ಭತ್ತದ ಹೊಟ್ಟಿನಲ್ಲಿ ಅರ್ಧ ಉಳಿಯುತ್ತದಂತೆ. ಅಪ್ಪ ತಗೊಳ್ಳೋಣ ಅನ್ನುತ್ತಿದ್ದಾರೆ. ಏನು ಹೇಳಲಿ?

ಉತ್ತರ: ಪೆಟ್ಟಿಗೆಗೆ ಇನ್ನೂ ದುಡ್ಡು ಕೊಟ್ಟಿಲ್ಲ ತಾನೇ? ಕೊಡಬೇಡಿ. ಯಾಕೆ ಅನ್ನುವುದಕ್ಕೆ ಕೊನೆಯಲ್ಲಿ ಬರುತ್ತೇನೆ. ಅಲ್ಲಿಯವರೆಗೆ ಅಪ್ಪನನ್ನು ಹೇಗಾದರೂ ತಡೆದು ಹಿಡಿಯಿರಿ.

ನಿಮ್ಮ ಮೇಡಂ ಹೇಳಿದ್ದು ಸರಿ. ಪಿಯುಸಿ ಪುಸ್ತಕ ಹೇಳಿದ್ದೂ ಸರಿ. ಎರಡು ಬೇರೆ ಬೇರೆ ಲೆಕ್ಕಕ್ಕೆ ಎಂಟ್ರೊಪಿ ಅನ್ನುವ ಒಂದೇ ಹೆಸರು ಇಟ್ಟಿದ್ದರಿಂದ ಬಂದ ಗೊಂದಲ ಇದು. ನಾನು ದಾವಣಗೆರೆಯಲ್ಲಿ ಮೂವತ್ತೊಂದು ವರ್ಷ ಫಿಸಿಕ್ಸ್ ಪಾಠ ಮಾಡಿದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ನಿಮ್ಮ ಪ್ರಶ್ನೆಯನ್ನೇ ಕೇಳಿದ. ‘ಅದೆಲ್ಲ ಎಂ.ಎಸ್ಸಿ.ಯಲ್ಲಿ ಬರುತ್ತೆ, ಈಗ ಸುಮ್ನೆ ಬರ್ಕೋ’ ಅಂದೆ. ನಿಜ ಏನೆಂದರೆ, ಎಂ.ಎಸ್ಸಿ.ಯಲ್ಲಿ ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಸಾಲವನ್ನು ಇವತ್ತು ನಿಮಗೆ ತೀರಿಸುತ್ತೇನೆ.

ಮೊದಲು ಹಳೆಯ ಲೆಕ್ಕ. ಒಂದು ಲೋಟ ಕಾಫಿ, 100 ಮಿಲಿ, 77 ಡಿಗ್ರಿ ಬಿಸಿ. ಅಂದರೆ 350 ಕೆಲ್ವಿನ್. ಕೋಣೆ 27 ಡಿಗ್ರಿ, 300 ಕೆಲ್ವಿನ್. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಅಷ್ಟು ತಂಪು ಕೋಣೆ ಎಲ್ಲಿದೆ ಅನ್ನಬೇಡಿ, ಲೆಕ್ಕ ಸುಲಭವಾಗಲಿ ಅಂತ ಹಾಗಿಟ್ಟುಕೊಂಡೆ. ಕಾಫಿ ಎರಡೂವರೆ ಡಿಗ್ರಿ ಆರಿದರೆ ಸುಮಾರು 1050 ಜೂಲ್ ಶಾಖ ಕೋಣೆಗೆ ಹೋಗುತ್ತದೆ. 1865ರಲ್ಲಿ ಎಂಟ್ರೊಪಿ ಎಂಬ ಹೆಸರಿಟ್ಟ ರುಡಾಲ್ಫ್ ಕ್ಲಾಸಿಯಸ್ ಹೇಳಿದ್ದು ಇಷ್ಟೇ: ಶಾಖವನ್ನು ಉಷ್ಣತೆಯಿಂದ ಭಾಗಿಸಿ. ಕಾಫಿ ಕಳೆದುಕೊಂಡದ್ದು 1050 ಭಾಗಿಸು 350, ಅಂದರೆ 3. ಕೋಣೆಗೆ ಸಿಕ್ಕಿದ್ದು 1050 ಭಾಗಿಸು 300, ಅಂದರೆ 3.5. ಕೊಟ್ಟ ಶಾಖ, ಪಡೆದ ಶಾಖ ಎರಡೂ ಅಷ್ಟೇ. ಆದರೆ ಒಟ್ಟು ಎಂಟ್ರೊಪಿ 0.5, ಅಂದರೆ ಅರ್ಧ ಜೂಲ್/ಕೆಲ್ವಿನ್ ಜಾಸ್ತಿ ಆಯಿತು. ಕೋಣೆಯ ಶಾಖ ವಾಪಸ್ ಕಾಫಿಗೆ ಹರಿದಿದ್ದರೆ ಅರ್ಧ ಕಡಿಮೆ ಆಗುತ್ತಿತ್ತು. ಹಾಗಾಗುವುದಿಲ್ಲ ಅನ್ನುವುದೇ ಎರಡನೇ ನಿಯಮ.

ಯಾಕೆ ಆಗುವುದಿಲ್ಲ? ಇದಕ್ಕೆ ಉತ್ತರ ಕೊಟ್ಟವರು ಲುಡ್ವಿಗ್ ಬೋಲ್ಟ್ಸ್‌ಮನ್. ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುವ ಸ್ಥಿತಿ ಒಳಗೆ ಎಷ್ಟು ರೀತಿಯಲ್ಲಿ ಇರಬಹುದು ಅನ್ನುವ ಎಣಿಕೆಯ ಲಾಗರಿದಮ್ ತೆಗೆದು, ಅದನ್ನು ಒಂದು ಸ್ಥಿರಾಂಕದಿಂದ ಗುಣಿಸಿದರೆ ಬರುವುದೇ ಎಂಟ್ರೊಪಿ. ನೂರು ನಾಣ್ಯ ಚಿಮ್ಮಿ. ನೂರೂ ರಾಜ ಬೀಳುವುದು ಒಂದೇ ರೀತಿ. ಐವತ್ತು ರಾಜ, ಐವತ್ತು ರಾಣಿ ಬೀಳುವುದು ಸುಮಾರು 10²⁹ ರೀತಿ. ನಾಣ್ಯಗಳಿಗೆ ಸಮನಾಗಿ ಬೀಳಬೇಕೆಂಬ ಆಸೆ ಏನೂ ಇಲ್ಲ. ಆ ಕಡೆ ಜಾಗ ಜಾಸ್ತಿ ಇದೆ, ಅಷ್ಟೇ. ನಮ್ಮ ಕಾಫಿಯ ಆ ಅರ್ಧವನ್ನು ಬೋಲ್ಟ್ಸ್‌ಮನ್ ಸ್ಥಿರಾಂಕ 1.38×10⁻²³ರಿಂದ ಭಾಗಿಸಿ, ಲಾಗರಿದಮ್ಮನ್ನು ಹತ್ತರ ಲೆಕ್ಕಕ್ಕೆ ತರಲು ಇನ್ನೊಮ್ಮೆ 2.3ರಿಂದ ಭಾಗಿಸಿ ನೋಡಿ. ಒಳಗಿನ ರೀತಿಗಳು ಎಷ್ಟು ಪಟ್ಟು ಹೆಚ್ಚಿದವು ಎಂದು ಬರೆಯಲು ಒಂದರ ಮುಂದೆ ಸೊನ್ನೆ ಇಡುತ್ತಾ ಹೋಗಬೇಕು. ಸೊನ್ನೆಗಳ ಸಂಖ್ಯೆಯೇ 1.5×10²² ದಾಟುತ್ತದೆ. ಎರಡೂವರೆ ಡಿಗ್ರಿ ಆರಿದ ಒಂದು ಲೋಟ ಕಾಫಿಗೆ!

ಎಂಟ್ರೊಪಿ ಅಂದರೆ ‘ಅವ್ಯವಸ್ಥೆ’ ಎಂದು ಎಲ್ಲೆಡೆ ಬರೆಯುತ್ತಾರೆ. ನನಗೆ ಆ ಪದ ಕಂಡರೆ ಆಗುವುದಿಲ್ಲ. ಮಕ್ಕಳ ರೂಮಿನ ಚೆಲ್ಲಾಪಿಲ್ಲಿ ಬಟ್ಟೆಗೂ ಎಂಟ್ರೊಪಿಗೂ ಸಂಬಂಧ ಬಹಳ ಕಡಿಮೆ. ‘ನಮಗೆ ಗೊತ್ತಿಲ್ಲದ್ದು ಎಷ್ಟು’ ಎಂದು ಓದಿಕೊಳ್ಳಿ. ಕ್ವಾಂಟಮ್‌ಗೆ ಹೋದಾಗ ಈ ಅರ್ಥವೇ ಕೈ ಹಿಡಿಯುವುದು.

ಈಗ ನಿಮ್ಮ ಮೇಡಂ ಹೇಳಿದ್ದಕ್ಕೆ ಬರೋಣ. ಕ್ವಾಂಟಮ್ ವ್ಯವಸ್ಥೆಗೆ ಎಂಟ್ರೊಪಿಯ ಸೂತ್ರ ಕೊಟ್ಟವರು ಜಾನ್ ವಾನ್ ನಾಯ್ಮನ್, 1927ರಲ್ಲಿ. ಒಂದು ವ್ಯವಸ್ಥೆಯ ಬಗ್ಗೆ ತಿಳಿಯಲು ಸಾಧ್ಯವಿರುವುದೆಲ್ಲ ನಿಮಗೆ ತಿಳಿದಿದ್ದರೆ ಅದು ‘ಶುದ್ಧ ಸ್ಥಿತಿ’. ಆಗ ಎಂಟ್ರೊಪಿ ಸೊನ್ನೆ. ಆ ವ್ಯವಸ್ಥೆಯನ್ನು ಯಾರೂ ಮುಟ್ಟದೆ, ನೋಡದೆ, ಹೊರಗಿನ ಒಂದು ಫೋಟಾನ್ (ಬೆಳಕಿನ ಕಣ) ಕೂಡ ತಾಗದೆ ಬಿಟ್ಟರೆ ಅದು ಕ್ವಾಂಟಮ್ ಚಲನೆಯ ನಿಯಮವಾದ ಶ್ರೋಡಿಂಗರ್ ಸಮೀಕರಣದ ಪ್ರಕಾರ ಬದಲಾಗುತ್ತಾ ಹೋಗುತ್ತದೆ. ಈ ಸಮೀಕರಣಕ್ಕೆ ಒಂದು ಗುಣ ಇದೆ. ಬೇರೆ ಬೇರೆ ಸ್ಥಿತಿಯಲ್ಲಿ ಹೊರಟ ಎರಡು ವ್ಯವಸ್ಥೆಗಳು ಎಂದೂ ಒಂದೇ ಸ್ಥಿತಿಗೆ ಬಂದು ಸೇರುವುದಿಲ್ಲ. ಹೊರಟಾಗ ಎಷ್ಟು ಬೇರೆ ಇದ್ದವೋ ಕೊನೆಯವರೆಗೂ ಅಷ್ಟೇ ಬೇರೆ. ಅಂದರೆ ಮಾಹಿತಿ ಕಳೆಯುವುದಿಲ್ಲ. ಇವತ್ತು ಪೂರ್ತಿ ಗೊತ್ತಿದ್ದರೆ ನಾಳೆಯೂ ಪೂರ್ತಿ ಗೊತ್ತು. ಸೊನ್ನೆ ಇದ್ದದ್ದು ಸೊನ್ನೆಯೇ.

ಹಾಗಾದರೆ ಎರಡನೇ ನಿಯಮ ಎಲ್ಲಿ ಹೋಯಿತು? ಈ ತಕರಾರು ಕ್ವಾಂಟಮ್ ಬರುವ ಮೊದಲೂ ಇತ್ತು. ನ್ಯೂಟನ್ನನ ನಿಯಮಗಳೂ ಹಿಂದಕ್ಕೆ ಓಡಿಸಿದರೆ ಓಡುತ್ತವೆ. ಮತ್ತೆ ಎಂಟ್ರೊಪಿ ಮಾತ್ರ ಒಂದೇ ದಿಕ್ಕಿಗೆ ಯಾಕೆ ಹೋಗಬೇಕು ಎಂದು 1876ರಲ್ಲೇ ಯೋಹಾನ್ ಲೋಶ್ಮಿಟ್ ಬೋಲ್ಟ್ಸ್‌ಮನ್‌ರನ್ನು ಕೇಳಿದ್ದರು. ಕ್ವಾಂಟಮ್ ಈ ಪ್ರಶ್ನೆಗೆ ಒಂದು ಹೊಸ, ನನ್ನ ಪ್ರಕಾರ ಹೆಚ್ಚು ಚೆಂದದ ಉತ್ತರ ಕೊಡುತ್ತದೆ. ಅದಕ್ಕೆ ಬಳೆ ಬೇಕು.

ಎರಡು ಲಕೋಟೆ ತಗೊಳ್ಳಿ. ಒಂದರಲ್ಲಿ ಕೆಂಪು ಬಳೆ, ಇನ್ನೊಂದರಲ್ಲಿ ಹಸಿರು ಬಳೆ. ಕಣ್ಣು ಮುಚ್ಚಿ ಕಲಸಿ, ಒಂದನ್ನು ದಾವಣಗೆರೆಯಲ್ಲಿ ಇಟ್ಟುಕೊಂಡು ಇನ್ನೊಂದನ್ನು ದುರ್ಗಕ್ಕೆ ನನಗೆ ಕಳಿಸಿ. ನಿಮ್ಮ ಲಕೋಟೆಯಲ್ಲಿ ಯಾವ ಬಣ್ಣ? ಗೊತ್ತಿಲ್ಲ. ಒಂದು ‘ಹೌದು-ಅಲ್ಲ’ ಪ್ರಶ್ನೆಯಷ್ಟು ಗೊತ್ತಿಲ್ಲ. ಇದಕ್ಕೆ ಒಂದು ಬಿಟ್ ಅನ್ನುತ್ತಾರೆ. ನನ್ನ ಲಕೋಟೆಯಲ್ಲೂ ಒಂದು ಬಿಟ್. ಎರಡನ್ನೂ ಒಟ್ಟಿಗೆ ನೋಡಿದರೆ? ಆಗಲೂ ಒಂದೇ ಬಿಟ್. ಯಾಕೆಂದರೆ ಒಂದು ಲಕೋಟೆ ತೆರೆದರೆ ಇನ್ನೊಂದರಲ್ಲಿ ಏನಿದೆ ಎಂದು ಗೊತ್ತಾಗುತ್ತದೆ. ಲಕೋಟೆಗಳ ನಡುವೆ ಒಂದು ನಂಟು ಇದೆ. ಇಲ್ಲಿ ಇನ್ನೊಂದು ಗಮನಿಸಿ. ಎರಡರ ಬಗ್ಗೆ ನಮ್ಮ ಅಜ್ಞಾನ ಒಂದರ ಬಗ್ಗೆ ಇರುವ ಅಜ್ಞಾನಕ್ಕಿಂತ ಕಡಿಮೆ ಆಗಲು ಸಾಧ್ಯವಿಲ್ಲ. ಮನೆ ಪೂರ್ತಿ ಗೊತ್ತಿದ್ದರೆ ಅಡುಗೆಮನೆಯೂ ಗೊತ್ತಿರಲೇಬೇಕು, ಅಲ್ವಾ?

ಕ್ವಾಂಟಮ್‌ನಲ್ಲಿ ಹಾಗಿರಬೇಕಿಲ್ಲ. ಎಂಟ್ಯಾಂಗಲ್‌ಮೆಂಟ್ ಎಂಬ ಬಿಗಿಯಾದ ನಂಟಿನಲ್ಲಿ ಎರಡು ಕಣಗಳನ್ನು ಹೆಣೆಯಬಹುದು. ಆಗ ಜೋಡಿಯ ಬಗ್ಗೆ ನಮಗೆ ಎಲ್ಲ ಗೊತ್ತು, ಎಂಟ್ರೊಪಿ ಸೊನ್ನೆ. ಆದರೆ ಒಂದೇ ಕಣವನ್ನು ಕೈಗೆತ್ತಿಕೊಂಡರೆ ಏನೂ ಗೊತ್ತಿಲ್ಲ, ಎಂಟ್ರೊಪಿ ಪೂರ್ತಿ ಒಂದು ಬಿಟ್. ಮನೆ ಗೊತ್ತು, ಅಡುಗೆಮನೆ ಗೊತ್ತಿಲ್ಲ, ಹಾಲ್ ಕೂಡ ಗೊತ್ತಿಲ್ಲ. ಗೊತ್ತಿರುವುದೆಲ್ಲ ಅವೆರಡರ ನಂಟಿನಲ್ಲೇ ಕೂತಿದೆ. 1935ರಲ್ಲಿ ಶ್ರೋಡಿಂಗರ್ ಇದನ್ನು ಗುರುತಿಸಿ, ಹಳೆಯ ಭೌತವಿಜ್ಞಾನದಿಂದ ಕ್ವಾಂಟಮ್ ಬೇರೆಯಾಗುವುದು ಇಲ್ಲಿಯೇ ಎಂದು ಬರೆದರು. ನೀವು ಜೋಡಿಯ ಎಂಟ್ರೊಪಿಯಿಂದ ಒಂದರ ಎಂಟ್ರೊಪಿ ಕಳೆದರೆ ಮೈನಸ್ ಒಂದು ಬರುತ್ತದೆ. ಲೆಕ್ಕ ತಪ್ಪಿಲ್ಲ. ಬಳೆಗಳಲ್ಲಿ ಅದು ಬರಲಾರದು, ಕ್ವಾಂಟಮ್‌ನಲ್ಲಿ ಬರುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆಯ ಗಂಟು ಬಿಚ್ಚಬಹುದು. ಕಾಫಿ ಮತ್ತು ಕೋಣೆ ಎರಡನ್ನೂ ಸೇರಿಸಿ ಒಂದೇ ಮುಚ್ಚಿದ ಕ್ವಾಂಟಮ್ ವ್ಯವಸ್ಥೆ ಅಂದುಕೊಳ್ಳಿ. ಶುರುವಿನಲ್ಲಿ ಅವೆರಡಕ್ಕೂ ನಂಟಿಲ್ಲ. ಶಾಖ ಹರಿದಂತೆ ಕಾಫಿಯ ಅಣುಗಳೂ ಗಾಳಿಯ ಅಣುಗಳೂ ಹೆಣೆದುಕೊಳ್ಳುತ್ತವೆ. ಇಡೀ ವ್ಯವಸ್ಥೆಯ ಎಂಟ್ರೊಪಿ ಕದಲುವುದಿಲ್ಲ. ಮೇಡಂ ಹೇಳಿದ್ದು ಇದು. ಆದರೆ ಕಾಫಿಯನ್ನು ಬೇರೆ, ಕೋಣೆಯನ್ನು ಬೇರೆ ಅಳೆದು ಕೂಡಿಸಿದರೆ ಮೊತ್ತ ಏರಿರುತ್ತದೆ. ಪುಸ್ತಕ ಹೇಳುವುದು ಇದು. ಎಷ್ಟು ಏರಿದೆ? ನಡುವೆ ಎಷ್ಟು ನಂಟು ಬೆಳೆಯಿತೋ ಸರಿಯಾಗಿ ಅಷ್ಟು. ಒಂದು ಚೂರು ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಇಡೀ ಉತ್ತರದಲ್ಲಿ ಒಂದು ವಾಕ್ಯದ ಕೆಳಗೆ ಗೆರೆ ಎಳೆಯುವುದಾದರೆ ಇದರ ಕೆಳಗೆ ಎಳೆಯಿರಿ. ಭಾಗಗಳ ಎಂಟ್ರೊಪಿ ಏರಿತು ಎಂದರೆ, ಅವುಗಳ ಬಗ್ಗೆ ನಮಗೆ ಗೊತ್ತಿದ್ದ ಮಾಹಿತಿ ಅವುಗಳ ನಡುವಿನ ನಂಟಿಗೆ ಜಾರಿಕೊಂಡಿತು ಎಂದರ್ಥ. ಆ ನಂಟನ್ನು ಓದಬೇಕಾದರೆ 10²³ ಅಣುಗಳನ್ನು ಒಟ್ಟಿಗೆ ಹಿಡಿದು ಅಳೆಯಬೇಕು. ಅಂಥ ಉಪಕರಣ ಯಾರ ಹತ್ತಿರವೂ ಇಲ್ಲ. ಹಾಗಾಗಿ ನಮ್ಮ ಪಾಲಿಗೆ ಅದು ಹೋದಂತೆಯೇ.

ಇದು ಬರೀ ಕಾಗದದ ಮೇಲಿನ ಮಾತು ಎಂದು ನಾನೂ ಬಹಳ ಕಾಲ ಅಂದುಕೊಂಡಿದ್ದೆ. 2016ರಲ್ಲಿ ಹಾರ್ವರ್ಡ್‌ನ ಮಾರ್ಕುಸ್ ಗ್ರೈನರ್ ಅವರ ತಂಡ ಅದನ್ನು ಕಣ್ಣಿಗೆ ಕಾಣುವಂತೆ ಮಾಡಿ ತೋರಿಸಿತು. ಪಡ್ಡಿನ ಹಂಚು ನೋಡಿದ್ದೀರಲ್ಲ, ಗುಳಿ ಗುಳಿ ಇರುತ್ತದೆ. ಅವರು ಲೇಸರ್ ಬೆಳಕಿನಲ್ಲೇ ಅಂಥ ಗುಳಿಗಳನ್ನು ಮಾಡಿದರು. ಸಾಲಾಗಿ ಆರು ಗುಳಿ, ಒಂದೊಂದರಲ್ಲಿ ಒಂದೊಂದು ರುಬಿಡಿಯಂ ಪರಮಾಣು. ಇದು ಶುದ್ಧ ಸ್ಥಿತಿ. ಯಾವ ಗುಳಿಯಲ್ಲಿ ಎಷ್ಟಿದೆ ಎಂದು ಪೂರ್ತಿ ಗೊತ್ತು. ಆಮೇಲೆ ಗುಳಿಗಳ ನಡುವಿನ ಗೋಡೆಯನ್ನು ತಟ್ಟನೆ ತಗ್ಗಿಸಿದರು. ಪರಮಾಣುಗಳು ಆ ಕಡೆ ಈ ಕಡೆ ನುಸುಳತೊಡಗಿದವು. ಕೆಲವೇ ಮಿಲಿಸೆಕೆಂಡ್ ಬಿಟ್ಟು ಒಂದೇ ಗುಳಿಯನ್ನು ಮತ್ತೆ ಮತ್ತೆ ನೋಡಿದಾಗ ಅದರಲ್ಲಿ ಸೊನ್ನೆ, ಒಂದು, ಎರಡು ಪರಮಾಣು ಸಿಗುವ ಸಾಧ್ಯತೆಗಳು ಬಿಸಿ ವಸ್ತುವಿನಲ್ಲಿ ಇರುವಂತೆಯೇ ಇದ್ದವು. ಆ ಗುಳಿಯನ್ನಷ್ಟೇ ನೋಡಿದವರು ‘ಇದು ಕಾದಿದೆ, ಎಂಟ್ರೊಪಿ ಏರಿದೆ’ ಎಂದು ಆಣೆ ಮಾಡಿ ಹೇಳಿಯಾರು.

ಆದರೆ ಅವರು ಇಡೀ ಸಾಲನ್ನೂ ನೋಡಿದರು. ಹೇಗೆ ಅನ್ನುವುದೇ ಸೊಗಸು. ಅದೇ ಥರದ ಇನ್ನೊಂದು ಸಾಲನ್ನು ಪಕ್ಕದಲ್ಲೇ ತಯಾರಿಸಿ, ಎರಡೂ ಒಂದೇ ರೀತಿ ಬದಲಾದ ಮೇಲೆ ಒಂದರ ಮೇಲೊಂದು ಬೆರೆಯುವಂತೆ ಮಾಡಿದರು. ಎರಡು ಸಾಲೂ ಶುದ್ಧವಾಗಿ ಒಂದೇ ಇದ್ದರೆ, ಬೆರೆತ ಮೇಲೆ ಒಂದು ಸಾಲಿನಲ್ಲಿ ಸಿಗುವ ಪರಮಾಣುಗಳ ಸಂಖ್ಯೆ ಯಾವಾಗಲೂ ಸರಿಸಂಖ್ಯೆ ಆಗಬೇಕು. ಎಂಟ್ರೊಪಿ ಇದ್ದರೆ ಬೆಸವೂ ಬರುತ್ತದೆ. ಇಡೀ ಸಾಲಿಗೆ ಈ ಪರೀಕ್ಷೆ ಮಾಡಿದರೆ ಶುದ್ಧತೆ ಹೆಚ್ಚೂಕಡಿಮೆ ಹಾಗೇ ಇತ್ತು. ಒಂದು ಗುಳಿಗೆ, ಎರಡು ಗುಳಿಗೆ ಮಾಡಿದರೆ ಎಂಟ್ರೊಪಿ ಏರಿತ್ತು. ಅದೇ ಪರಮಾಣು, ಅದೇ ಕ್ಷಣ. ಒಂದೇ ಮೇಜಿನ ಮೇಲೆ ಮೇಡಂ ಹೇಳಿದ್ದೂ ಸರಿ, ಪುಸ್ತಕವೂ ಸರಿ.

ಜಾರಿಕೊಂಡ ಮಾಹಿತಿ ನಿಜಕ್ಕೂ ಎಲ್ಲೋ ಇದೆಯಾ, ಅಥವಾ ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಾ ಎಂದು ನಿಮಗೆ ಅನಿಸಬಹುದು. ನಮ್ಮ ಹೈಸ್ಕೂಲ್ ಮೈದಾನ ನೆನೆಸಿಕೊಳ್ಳಿ. ನಲವತ್ತು ಮಕ್ಕಳು ಒಂದೇ ಗೆರೆಯಿಂದ ಓಡುತ್ತಾರೆ. ಅರ್ಧ ನಿಮಿಷದಲ್ಲಿ ಮುಂದೆ ಕೆಲವರು, ಹಿಂದೆ ಕೆಲವರು, ಒಟ್ಟಿನಲ್ಲಿ ಚೆದುರಿದ ಗುಂಪು. ಆಗ ಪಿ.ಟಿ. ಮೇಷ್ಟ್ರು ಸೀಟಿ ಊದುತ್ತಾರೆ. ಎಲ್ಲರೂ ನಿಂತಲ್ಲೇ ತಿರುಗಿ ಅದೇ ವೇಗದಲ್ಲಿ ವಾಪಸ್ ಓಡಬೇಕು. ಜೋರಾಗಿ ಓಡುವವನು ದೂರದಿಂದ ಬರಬೇಕು, ನಿಧಾನದವನು ಹತ್ತಿರದಿಂದ. ಗೆರೆಯನ್ನು ಎಲ್ಲರೂ ಒಟ್ಟಿಗೆ ಮುಟ್ಟುತ್ತಾರೆ. ಚೆದುರಿದ ಗುಂಪಿನೊಳಗೆ ಗೆರೆ ಅಡಗಿ ಕೂತಿತ್ತು. 1950ರಲ್ಲಿ ಅರ್ವಿನ್ ಹಾನ್, ಪರಮಾಣು ಬೀಜಗಳನ್ನು ಪುಟ್ಟ ಅಯಸ್ಕಾಂತಗಳಂತೆ ಮಾಡುವ ಸ್ಪಿನ್‌ಗಳ ಜೊತೆ ಇದನ್ನೇ ಮಾಡಿದರು. ಸೀಟಿಯ ಬದಲು ಒಂದು ರೇಡಿಯೋ ತರಂಗದ ಮಿಡಿತ. ಸತ್ತುಹೋಗಿದ್ದ ಸಿಗ್ನಲ್ ಎದ್ದು ಬಂತು. ಇದಕ್ಕೆ ಸ್ಪಿನ್ ಎಕೋ ಅನ್ನುತ್ತಾರೆ. ಎಂ.ಆರ್.ಐ. ಸ್ಕ್ಯಾನ್ ಮಾಡುವಾಗ ಇವತ್ತಿಗೂ ಈ ಉಪಾಯ ಬಳಸುತ್ತಾರೆ. ಆದರೆ ಮಕ್ಕಳು ಓಡುವಾಗ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ದಿಕ್ಕು ಬದಲಿಸಿದ್ದರೆ ಸೀಟಿಯಿಂದ ಕೆಲಸ ಆಗುವುದಿಲ್ಲ. ಡಿಕ್ಕಿಗಳನ್ನೂ ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ಕಾಫಿಯಲ್ಲಿ ಅಂಥ ಡಿಕ್ಕಿಗಳು ಲೆಕ್ಕವಿಲ್ಲದಷ್ಟು.

ನಿಮ್ಮ ಎರಡನೇ ಪ್ರಶ್ನೆಗೆ ಹೋಗುವ ಮೊದಲು ನಿಮ್ಮ ಭಟ್ಟಿಗೆ ಒಮ್ಮೆ ಬರುತ್ತೇನೆ. ಕಾದ ಮರಳಿಗೆ ಅಕ್ಕಿ ಸುರಿಯುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಚಟಪಟ ಅರಳುತ್ತದೆ. ತಡ ಮಾಡಿದರೆ ಕರಕಲು. ಮರಳು, ಮಂಡಕ್ಕಿ ಎರಡನ್ನೂ ಒಟ್ಟಿಗೆ ಬಾಚಿ ಜರಡಿಗೆ ಹಾಕಿ ಅಲ್ಲಾಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಬೆರೆತದ್ದು ಬೇರೆ ಆಯಿತಲ್ಲ, ಎಂಟ್ರೊಪಿ ಇಳಿಯಿತಲ್ಲ! ಇಳಿಯಿತು, ನಿಜ. ಜರಡಿ ಹಿಡಿದವರ ಬೆವರನ್ನು ಲೆಕ್ಕಕ್ಕೆ ತಗೊಂಡರೆ ಒಟ್ಟಿನಲ್ಲಿ ಏರಿದೆ. ಬೇರ್ಪಡಿಸುವ ಕೆಲಸ ಪುಕ್ಕಟೆ ಆಗುವುದಿಲ್ಲ.

ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1867ರಲ್ಲಿ ಪುಕ್ಕಟೆ ಜರಡಿಯೊಂದನ್ನು ಕಲ್ಪಿಸಿಕೊಂಡರು. ಗಾಳಿ ತುಂಬಿದ ಎರಡು ಕೋಣೆ, ನಡುವೆ ಒಂದು ಸಣ್ಣ ಬಾಗಿಲು. ಅಲ್ಲಿ ಚುರುಕು ಕಣ್ಣಿನ ಪುಟ್ಟ ಜೀವಿಯೊಂದು ಕಾವಲು. ವೇಗದ ಅಣು ಬಂದರೆ ಆ ಕಡೆ ಬಿಡುತ್ತದೆ, ನಿಧಾನದ್ದು ಬಂದರೆ ಈ ಕಡೆ. ಒಂದು ಕೋಣೆ ತಾನಾಗಿ ಬಿಸಿ, ಇನ್ನೊಂದು ತಣ್ಣಗೆ. ದುಡಿಮೆಯೇ ಇಲ್ಲ, ಬರೀ ನೋಡುವುದು, ಬಾಗಿಲು ಸರಿಸುವುದು. ಇದಕ್ಕೆ ಮ್ಯಾಕ್ಸ್‌ವೆಲ್‌ನ ಭೂತ ಎಂದು ಹೆಸರಾಯಿತು.

ದುರ್ಗದವನಾದ ನನಗೆ ಕಿಂಡಿಯಲ್ಲಿ ಕಾವಲು ಅಂದ ಕೂಡಲೇ ಭೂತ ನೆನಪಾಗುವುದಿಲ್ಲ, ಓಬವ್ವ ನೆನಪಾಗುತ್ತಾಳೆ. ಕಥೆ ನಿಮಗೆ ಗೊತ್ತು. ಗಂಡ ಊಟಕ್ಕೆ ಕೂತಿದ್ದಾನೆ, ಇವಳು ನೀರಿಗೆ ಬಂದಿದ್ದಾಳೆ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತೂರಿ ಬರುತ್ತಿದ್ದಾರೆ. ಒನಕೆ ಎತ್ತಿ ಒಬ್ಬೊಬ್ಬರನ್ನೇ ಹೊಡೆದು ಕೆಡವುತ್ತಾಳೆ. ಎಲ್ಲರೂ ನೆನಪಿಟ್ಟುಕೊಳ್ಳುವುದು ಒನಕೆಯ ಏಟು. ಎಂಟ್ರೊಪಿಯ ವಿದ್ಯಾರ್ಥಿ ನೆನಪಿಟ್ಟುಕೊಳ್ಳಬೇಕಾದ್ದು ಅದರ ನಂತರದ ಕೆಲಸ. ಬಿದ್ದ ಹೆಣವನ್ನು ಅವಳು ಪ್ರತಿ ಸಲ ಎಳೆದು ಪಕ್ಕಕ್ಕೆ ಹಾಕಲೇಬೇಕು. ಇಲ್ಲದಿದ್ದರೆ ಮುಂದಿನವನಿಗೆ ಸುಳಿವು ಸಿಗುತ್ತದೆ, ಅವಳಿಗೆ ಒನಕೆ ಬೀಸಲು ಜಾಗವೂ ಇರುವುದಿಲ್ಲ.

ಮ್ಯಾಕ್ಸ್‌ವೆಲ್‌ನ ಭೂತಕ್ಕೂ ಅದೇ ಪಾಡು. ಪ್ರತಿ ಅಣುವನ್ನು ನೋಡಿದಾಗ ವೇಗದ್ದೋ ನಿಧಾನದ್ದೋ ಎಂದು ತಲೆಯಲ್ಲಿ ಗುರುತು ಹಾಕಿಕೊಳ್ಳಬೇಕು. ತಲೆ ತುಂಬಿತು ಅಂದರೆ ಹಳೆಯದನ್ನು ಅಳಿಸಬೇಕು. 1961ರಲ್ಲಿ ಐಬಿಎಂನ ರಾಲ್ಫ್ ಲ್ಯಾಂಡೌವರ್ ತೋರಿಸಿದ್ದು, ಒಂದು ಬಿಟ್ ಅಳಿಸಲು ಕನಿಷ್ಠ ಇಷ್ಟು ಶಾಖ ಹೊರಗೆ ಹಾಕಲೇಬೇಕು ಎಂದು. ಕೋಣೆಯ ಉಷ್ಣತೆಯಲ್ಲಿ ಅದು ಸುಮಾರು 2.9×10⁻²¹ ಜೂಲ್. ಬಹಳ ಸಣ್ಣದು, ಆದರೆ ಸೊನ್ನೆಯಲ್ಲ. ಭೂತ ನೋಡುವುದರಲ್ಲಿ ಉಳಿಸಿದ್ದನ್ನೆಲ್ಲ ಅಳಿಸುವುದರಲ್ಲಿ ಕಕ್ಕಬೇಕಾಗುತ್ತದೆ ಎಂದು 1982ರಲ್ಲಿ ಚಾರ್ಲ್ಸ್ ಬೆನೆಟ್ ಬಿಡಿಸಿ ಹೇಳಿದರು. 2012ರಲ್ಲಿ ಫ್ರಾನ್ಸ್‌ನ ಲಿಯೋನ್‌ನಲ್ಲಿ ನೀರಿನಲ್ಲಿ ತೇಲುವ ಗಾಜಿನ ಸಣ್ಣ ಮಣಿಯೊಂದನ್ನು ಲೇಸರಿನಲ್ಲಿ ಹಿಡಿದು ಈ ಶಾಖವನ್ನು ಅಳೆದೂ ಆಯಿತು. ಅಂದರೆ ಮಾಹಿತಿಗೆ ಜೂಲ್‌ನಲ್ಲಿ ಬೆಲೆ ಇದೆ. ಈ ಮಾತು ಕೈಯಲ್ಲಿ ಹಿಡಿದುಕೊಂಡು ನೀವು ಓದಿದ ಸುದ್ದಿಗೆ ಬನ್ನಿ.

ಆ ಪ್ರಯೋಗ ಬ್ರೆಜಿಲ್‌ನಲ್ಲಿ ನಡೆದದ್ದು, ಪ್ರಕಟವಾದದ್ದು 2019ರಲ್ಲಿ. ಕ್ಲೋರೋಫಾರ್ಮ್ ಅಣುವಿನಲ್ಲಿ ಒಂದು ಕಾರ್ಬನ್, ಒಂದು ಹೈಡ್ರೋಜನ್ ಇವೆ. ಅವುಗಳ ಪರಮಾಣು ಬೀಜಗಳ ಸ್ಪಿನ್‌ಗಳೇ ಇಲ್ಲಿಯ ಕಾಫಿ ಮತ್ತು ಕೋಣೆ. ಒಂದನ್ನು ಬಿಸಿ, ಇನ್ನೊಂದನ್ನು ತಣ್ಣಗೆ ಮಾಡಿ, ನಡುವೆ ನಂಟಿಲ್ಲದಂತೆ ಇಟ್ಟು ಬಿಟ್ಟರು. ಶಾಖ ಬಿಸಿಯಿಂದ ತಣ್ಣನೆಯದಕ್ಕೆ ಹರಿಯಿತು. ಅದರಲ್ಲಿ ವಿಶೇಷ ಇಲ್ಲ. ಆಮೇಲೆ ಅದೇ ಉಷ್ಣತೆಗಳನ್ನು ಇಟ್ಟುಕೊಂಡು, ಶುರುವಿನಲ್ಲೇ ಎರಡರ ನಡುವೆ ಕ್ವಾಂಟಮ್ ನಂಟು ಹೆಣೆದು ಬಿಟ್ಟರು. ಒಂದೊಂದನ್ನೇ ಅಳೆದರೆ ಹಿಂದಿನದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಶಾಖ ಉಲ್ಟಾ ಹರಿಯಿತು. ತಣ್ಣಗಿದ್ದದ್ದು ಇನ್ನೂ ತಣ್ಣಗಾಯಿತು, ಬಿಸಿಯದು ಇನ್ನೂ ಬಿಸಿಯಾಯಿತು. ಇದೆಲ್ಲ ಮಿಲಿಸೆಕೆಂಡುಗಳ ಲೆಕ್ಕ. ನಂಟು ಕರಗಿದ ಮೇಲೆ ಶಾಖ ಮತ್ತೆ ಎಂದಿನ ದಾರಿ ಹಿಡಿಯಿತು.

ನಿಯಮ ಮುರಿಯಿತಾ? ನಿಮ್ಮ ಮನೆ ಫ್ರಿಜ್ ದಿನವಿಡೀ ಮಾಡುವುದು ಇದನ್ನೇ ಅಲ್ವಾ? ಒಳಗಿನ ತಂಪಿನಿಂದ ಶಾಖ ಎತ್ತಿ ಹೊರಗಿನ ಬಿಸಿಗೆ ಹಾಕುತ್ತದೆ. ಯಾರೂ ನಿಯಮ ಮುರಿಯಿತು ಅನ್ನುವುದಿಲ್ಲ, ಯಾಕೆಂದರೆ ತಿಂಗಳ ಕೊನೆಗೆ ಕರೆಂಟ್ ಬಿಲ್ ಬರುತ್ತದೆ. ಬ್ರೆಜಿಲ್‌ನಲ್ಲಿ ಕರೆಂಟ್ ಬದಲು ನಂಟು ಖರ್ಚಾಯಿತು. ಗೆರೆ ಎಳೆಯಿರಿ ಅಂದೆನಲ್ಲ, ಆ ವಾಕ್ಯವನ್ನು ತಿರುಗಿಸಿ ಓದಿ: ಭಾಗಗಳ ಎಂಟ್ರೊಪಿ ಎಷ್ಟು ಇಳಿಯಿತೋ ನಂಟು ಅಷ್ಟೇ ಕರಗಿರಬೇಕು. ಅವರು ಅಳೆದಾಗ ಹಾಗೇ ಇತ್ತು. ಕಾಫಿ ಮತ್ತು ಕೋಣೆಯ ನಡುವೆ ಶುರುವಿನಲ್ಲಿ ನಂಟು ಇರುವುದಿಲ್ಲ ಎಂದು ಎರಡನೇ ನಿಯಮ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿರುತ್ತದೆ. ಕ್ಲಾಸಿನಲ್ಲಿ ನಾನೂ ಹೇಳದೆ ಬಿಟ್ಟ ಷರತ್ತು ಇದು. ಲೋಶ್ಮಿಟ್ ಕೇಳಿದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ದಿಕ್ಕು ಬರುವುದು ಚಲನೆಯ ನಿಯಮದಿಂದ ಅಲ್ಲ, ಶುರುವಿನಿಂದ. ಹಾಗಾದರೆ ಇಡೀ ವಿಶ್ವ ಯಾಕೆ ಅಷ್ಟು ಕಡಿಮೆ ಎಂಟ್ರೊಪಿಯಲ್ಲಿ ಶುರುವಾಯಿತು ಎಂದು ನೀವು ಕೇಳಿದರೆ, ಅದು ಇನ್ನೂ ತೆರೆದೇ ಇರುವ ಪ್ರಶ್ನೆ.

ಒಂದು ಸಣ್ಣ ತಿದ್ದುಪಡಿ. ಎರಡನೇ ನಿಯಮ ಸರಾಸರಿಯ ನಿಯಮ. ಬಹಳ ಸಣ್ಣ ವ್ಯವಸ್ಥೆಯಲ್ಲಿ ಆಗೊಮ್ಮೆ ಈಗೊಮ್ಮೆ ಎಂಟ್ರೊಪಿ ತಾನಾಗಿ ಇಳಿಯುತ್ತದೆ. ಬೋಲ್ಟ್ಸ್‌ಮನ್ ಸ್ಥಿರಾಂಕದ ಹತ್ತು ಪಟ್ಟು ಏರುವ ಸಂದರ್ಭಗಳು ಇಪ್ಪತ್ತೆರಡು ಸಾವಿರ ಇದ್ದರೆ ಅಷ್ಟೇ ಇಳಿಯುವುದು ಸುಮಾರು ಒಂದು. 2002ರಲ್ಲಿ ಆಸ್ಟ್ರೇಲಿಯಾದಲ್ಲಿ ನೀರಿನೊಳಗಿನ ಮಣಿಯೊಂದರಲ್ಲಿ ಇದನ್ನು ಕಂಡರು. ಕಾಫಿ ಲೋಟದಲ್ಲಿ ಕಾಣಲು ವಿಶ್ವದ ವಯಸ್ಸು ಸಾಲದು.

ಈಗ ಪೆಟ್ಟಿಗೆ. ಕ್ವಾಂಟಮ್ ಎಂಜಿನ್ ಅನ್ನುವುದು ಸುಳ್ಳಲ್ಲ. 1959ರಲ್ಲೇ ಸ್ಕೋವಿಲ್ ಮತ್ತು ಶುಲ್ಜ್-ಡುಬೋಯಿಸ್ ಎಂಬಿಬ್ಬರು ಮೈಕ್ರೋವೇವ್ ತರಂಗ ಹೊಮ್ಮಿಸುವ ಮೇಸರ್ ಎಂಬ ಸಾಧನವನ್ನು ಎಂಜಿನ್ ಅಂತ ಲೆಕ್ಕ ಹಾಕಿ ನೋಡಿದ್ದರು. ಮೂರೇ ಮೂರು ಶಕ್ತಿ ಮೆಟ್ಟಿಲಿರುವ ಆ ಪುಟ್ಟ ಎಂಜಿನ್‌ಗೂ ಶಾಖದಿಂದ ಎಷ್ಟು ಕೆಲಸ ತೆಗೆಯಬಹುದು ಎಂಬುದಕ್ಕೆ ಬಂದ ಮಿತಿ, 1824ರಲ್ಲಿ ಸಾಡಿ ಕಾರ್ನೋ ಉಗಿ ಎಂಜಿನ್‌ಗೆ ಹೇಳಿದ್ದೇ. ಕ್ವಾಂಟಮ್ ಅಂದ ಮಾತ್ರಕ್ಕೆ ರಿಯಾಯಿತಿ ಇಲ್ಲ.

ಸರಿ, ಪೆಟ್ಟಿಗೆಯವರು ಬ್ರೆಜಿಲ್ ಪ್ರಯೋಗವನ್ನೇ ಮುಂದಿಟ್ಟರೆ? ಅವರ ಪರವಾಗಿಯೇ ಲೆಕ್ಕ ಹಾಕೋಣ. ಪೂರ್ತಿ ಹೆಣೆದ ಒಂದು ಜೋಡಿಯ ನಂಟು ಎರಡು ಬಿಟ್. ಕೋಣೆಯ ಉಷ್ಣತೆಯಲ್ಲಿ ಅದರಿಂದ ಪಡೆಯಬಹುದಾದ ಕೆಲಸ ಹೆಚ್ಚೆಂದರೆ 5.7×10⁻²¹ ಜೂಲ್. ಒಂದು ಕಿಲೋ ಭತ್ತದ ಹೊಟ್ಟು ಉರಿದರೆ ಸುಮಾರು 14 ಮೆಗಾಜೂಲ್. ಭಾಗಿಸಿ ನೋಡಿ. ಒಂದೇ ಒಂದು ಕಿಲೋ ಹೊಟ್ಟಿಗೆ ಸಮ ಆಗಲು 2.4×10²⁷ ಜೋಡಿ ಬೇಕು. 2023ರ ಕೊನೆಯಲ್ಲಿ ಐಬಿಎಂ ಹೊರತಂದ ಕಾಂಡೋರ್ ಎಂಬ ದೊಡ್ಡ ಕ್ವಾಂಟಮ್ ಚಿಪ್‌ನಲ್ಲಿ ಇದ್ದದ್ದು 1121 ಕ್ಯೂಬಿಟ್ (ಕ್ವಾಂಟಮ್ ಬಿಟ್). ಅದನ್ನು ಬಾಹ್ಯಾಕಾಶಕ್ಕಿಂತ ತಣ್ಣಗೆ ಇಡಬೇಕು. ನಿಮ್ಮ ಪೆಟ್ಟಿಗೆ ಉರಿಯುವ ಒಲೆಯ ಪಕ್ಕ ಕೂರುತ್ತದೆ. ಅಲ್ಲದೆ ಆ ನಂಟನ್ನು ಮೊದಲು ಯಾರಾದರೂ ಹೆಣೆದು ತುಂಬಿರಬೇಕಲ್ಲ. ಹೆಣೆಯಲು ಆಗುವ ಖರ್ಚು ಸಿಗುವುದಕ್ಕಿಂತ ಕಡಿಮೆ ಇರಲಾರದು.

ಹೊಟ್ಟು ಉಳಿಸಲು ದಾರಿ ಇಲ್ಲ ಅಂತಲ್ಲ. ಚಿಮಣಿಯಲ್ಲಿ ಹೋಗುವ ಬಿಸಿ ಗಾಳಿ ಕಡೆ ನೋಡಿ. ಅದರ ಶಾಖವನ್ನು ಒಂದಿಷ್ಟು ಹಿಡಿದು ಅಕ್ಕಿ ಒಣಗಿಸಲು ಬಳಸಿದರೂ ಲಾಭ. ಅದಕ್ಕೆ ಕ್ವಾಂಟಮ್ ಬೇಡ, ಒಳ್ಳೆಯ ಗಾರೆ ಕೆಲಸದವರು ಸಾಕು.

ಅಪ್ಪ ಇಷ್ಟು ಲೆಕ್ಕ ಕೇಳುವವರಲ್ಲ ಅಂದರೆ, ಮಾರುವವರಿಗೆ ಒಂದು ಷರತ್ತು ಹಾಕಿ. ಹದಿನಾಲ್ಕು ದಿನ ಪರೀಕ್ಷೆಗೆ ಕೊಡಲಿ. ಏಳು ದಿನ ಪೆಟ್ಟಿಗೆ ಚಾಲೂ, ಏಳು ದಿನ ಬಂದ್. ಯಾವ ದಿನ ಯಾವುದು ಎಂದು ನೀವು ಚೀಟಿ ಎತ್ತಿ ಠರಾಯಿಸಿ, ಆದರೆ ಒಲೆ ಮುಂದೆ ಕೂರುವ ಅಪ್ಪನಿಗೆ ಹೇಳಬೇಡಿ. ಗೊತ್ತಾದರೆ ಕೈ ತಾನಾಗಿ ಬಿಗಿಯಾಗಿ ಹೊಟ್ಟು ಹಾಕುತ್ತದೆ. ಅದೇ ಅಕ್ಕಿ, ಅದೇ ಬಾಣಲೆ, ದಿನಕ್ಕೆ ಅಷ್ಟೇ ಚೀಲ ಮಂಡಕ್ಕಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊಟ್ಟಿನ ಚೀಲ ತೂಗಿ ಬರೆದಿಡಿ. ಮಾರುವವರು ಇದಕ್ಕೆ ಒಪ್ಪಿದರೆ ನನಗೂ ಒಂದು ಮಾತು ತಿಳಿಸಿ. ದುರ್ಗದಿಂದ ತಕ್ಕಡಿ ನಾನೇ ತರುತ್ತೇನೆ.